ಹೊಂದಾಣಿಕೆಗೆ ಸನ್ನೆಯಿಲ್ಲ

ಮಂತ್ರಿಗಳು ನೀರು ಕುಡಿಯುತ್ತಾರೆ, ಆ ಎರಡು ಗುಟುಕಿನ ಹೊತ್ತು ಒತಿಲಿಯಾಳ ಕೈಗಳಿಗೆ ಬಿಡುವು, ಹೊಟ್ಟೆಯ ಮುಂದೆ ಒಂದರ ಮೇಲೊಂದು ಕೂತಿವೆ, ಬೆವೆತಿವೆ, ಕಪ್ಪು ಅಂಗಿಯ ಮೇಲೆ ಬೆವರು ಕಾಣುವುದಿಲ್ಲ, ಇಪ್ಪತ್ತು ವರ್ಷದಿಂದ ಇದೇ ಕಪ್ಪು, ಮಂತ್ರಿಗಳು ಬದಲಾಗಿದ್ದಾರೆ, ಬುಕಾರೆಸ್ಟಿನ ಈ ಸಭಾಂಗಣದ ಪರದೆಗಳೂ ಎರಡು ಸಲ ಬದಲಾಗಿವೆ, ಅವಳು ಮಾತ್ರ ಅದೇ ಎಡಗಡೆ, ಟಿವಿಯ ಮೂಲೆಯ ಪುಟ್ಟ ವೃತ್ತದೊಳಗೆ, ಕಿವಿ ಕೇಳದವರಿಗಾಗಿ ಸರ್ಕಾರದ ಮಾತನ್ನು ಕೈಯಲ್ಲಿ ಆಡುತ್ತ. ಮಂತ್ರಿಗಳು ಲೋಟ ಕೆಳಗಿಟ್ಟರು. ಬಜೆಟ್ಟಿನ ಕೊರತೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿದೆ, ಇನ್ನೂ ಬೆಳೆಯುತ್ತಿದೆ — ಕೈಗಳು ಎದ್ದವು, ಎಡಗೈ ಗುಂಡಿ, ಬಲಗೈ ತೋಡುತ್ತದೆ, ತೋಡುತ್ತಲೇ ಇರುತ್ತದೆ, ಇದು ಅಪ್ಪನಿಗಾಗಿ ಹುಡುಕಿದ ಸನ್ನೆ, ಇಲ್ಲದ್ದು ಅದು ಹೇಗೆ ಬೆಳೆಯತ್ತೆ ಮಗಳೇ ಅಂತ ಕೈಯಲ್ಲೇ ಕೇಳಿದ್ದ ಅಪ್ಪ, ಗುಂಡಿ ಬೆಳೆಯಲ್ವಾ ಅಪ್ಪಾ ಅಂದಿದ್ದಳು ಇವಳು, ಆಗ ಅವನಿಗೆ ಕಣ್ಣು ಚೆನ್ನಾಗಿತ್ತು, ಭುಜ ಕುಣಿಸಿ ನಕ್ಕಿದ್ದ, ಹಾಗಾದ್ರೆ ತೋಡೋದು ನಿಲ್ಲಿಸೋಕೆ ಹೇಳು ಅವ್ರಿಗೆ.

ಈಗ ಅಪ್ಪ ಪ್ಲೊಯೆಷ್ಟ್ ಊರಿನ ಮನೆಯ ಮೂರನೆಯ ಮಹಡಿಯಲ್ಲಿ ಟಿವಿಯ ಎದುರು ಕೂತಿರುತ್ತಾನೆ, ಹುಟ್ಟಿನಿಂದ ಕಿವಿ ಇಲ್ಲ, ಮೂರು ವರ್ಷದಿಂದ ಕಣ್ಣೂ ಇಲ್ಲ, ನಲವತ್ತು ವರ್ಷ ಬೈಂಡಿಂಗ್ ಕಾರ್ಖಾನೆಯಲ್ಲಿ ಪುಸ್ತಕ ಹೊಲಿದ ಗವ್ರಿಲ್‌ಗೆ ಈಗ ಜಗತ್ತು ಅಂದರೆ ಒಂದು ಅಂಗೈ, ಆ ಅಂಗೈಗೆ ಜಗತ್ತನ್ನು ತುಂಬುವವಳು ವೆತೂರಿಯಾ, ಅದೇ ಕಾರ್ಖಾನೆಯಲ್ಲಿ ಅವನ ಪಕ್ಕದ ಮೇಜಿನವಳು, ಅವಳಿಗೂ ಕಿವಿ ಕೇಳದು, ಕಣ್ಣು ಮಾತ್ರ ಹದ್ದಿನದು, ಸರ್ಕಾರ ಕೊಡುವ ಜೊತೆಗಾರರ ಭತ್ಯೆಗೆ ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ಸೂಪು ಬಿಸಿ ಮಾಡಿ, ಟಿವಿಯ ವೃತ್ತದಲ್ಲಿ ಒತಿಲಿಯಾಳ ಕೈ ನೋಡಿ ನೋಡಿ ಅಪ್ಪನ ಅಂಗೈಯಲ್ಲಿ ಒತ್ತುತ್ತಾಳೆ, ನಿನ್ನ ಮಗಳು ಹೀಗಂದಳು, ನಿನ್ನ ಮಗಳು ಹಾಗಂದಳು, ಮಂತ್ರಿ ಅಂದ ಅಂತ ಒಮ್ಮೆಯೂ ಇಲ್ಲ. ಹೋದ ವರ್ಷ ಚುನಾವಣೆಗೆ ಮೊದಲು ಇದೇ ಜಾಗದಲ್ಲಿ ಇನ್ನೊಬ್ಬ ಮಂತ್ರಿ ಪಿಂಚಣಿ ಏರಿಸಿದ, ಅಂದರೆ ಇವಳ ಕೈ ಏರಿಸಿತು, ಪ್ಲೊಯೆಷ್ಟಿನ ಕಿವುಡರ ಕ್ಲಬ್ಬಿನಲ್ಲಿ ಎಲ್ಲರೂ ಕೈ ಮೇಲೆತ್ತಿ ಅಲ್ಲಾಡಿಸಿ ಸಂಭ್ರಮಪಟ್ಟರಂತೆ, ಪ್ಲಮ್ಮಿನ ಬ್ರಾಂದಿ ತೆಗೆದರಂತೆ, ದುಡ್ಡು ಎಲ್ಲಿಂದ ಅಂತ ಆಗ ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ, ಕೇಳುವುದು ಅವಳ ಕೆಲಸವಲ್ಲ.

ಇದು ತಾತ್ಕಾಲಿಕ ಕ್ರಮ, ಬರುವ ಮಾರ್ಚ್‌ವರೆಗೆ ಮಾತ್ರ — ತಾತ್ಕಾಲಿಕ, ಸ್ವಲ್ಪ ದಿನ, ಹೆಬ್ಬೆರಳು ತೋರುಬೆರಳ ನಡುವೆ ಒಂದಿಷ್ಟು ಜಾಗ, ಎಷ್ಟು ಮಂತ್ರಿಗಳಿಗೆ ಈ ಒಂದಿಷ್ಟು ಜಾಗ ಹಿಡಿದು ತೋರಿಸಿದ್ದಾಳೋ, ಮಾರ್ಚ್‌ವರೆಗೆ ತಳ್ಳಿದ್ದು ಜೂನ್‌ಗೆ, ಜೂನ್‌ನದು ಮುಂದಿನ ಸರ್ಕಾರಕ್ಕೆ. ಮೊದಲ ಸಾಲಿನ ಪಕ್ಕದಲ್ಲಿ ಸಾಂಡುಲಾಕೆ ನಿಂತಿದ್ದಾನೆ, ಮಂತ್ರಿಗಳ ಪತ್ರಿಕಾ ಅಧಿಕಾರಿ, ಅವಳ ಬೆರಳುಗಳನ್ನೇ ನೋಡುತ್ತಿದ್ದಾನೆ, ಇಪ್ಪತ್ತು ನಿಮಿಷದ ಹಿಂದೆ ಕಾಫಿ ಯಂತ್ರದ ಹತ್ತಿರ ಹಲ್ಲು ಬಿಡುತ್ತ ಬಂದವನು, ಮೇಡಂ, ಒಂದು ಸಣ್ಣ ವಿಷಯ, ಇವತ್ತು ಕಡಿತ ಅನ್ನೋ ಮಾತಿಲ್ಲ, ಹೊಂದಾಣಿಕೆ ಅಂತಾರೆ ಸಾಹೇಬ್ರು, ನೀವು ಆ ಕತ್ತರಿ ತರ ಎರಡು ಬೆರಳು ಮಾಡ್ತೀರಲ್ಲ, ಅದು ಬೇಡ, ಟಿವಿಯಲ್ಲಿ ಚೆನ್ನಾಗಿ ಕಾಣಲ್ಲ. ಹೊಂದಾಣಿಕೆಗೆ ಸನ್ನೆ ಇಲ್ಲ ಸಾರ್, ಏನು ಯಾವುದಕ್ಕೆ ಹೊಂದುತ್ತೆ ಅಂತ ಗೊತ್ತಾಗ್ಬೇಕು. ಅಯ್ಯೋ ಏನೋ ಒಂದು ಮಾಡಿ ಮೇಡಂ, ಕೈಯಾಡಿಸಿ, ಯಾರು ನೋಡ್ತಾರೆ ಅದನ್ನ? ಯಾರು ನೋಡ್ತಾರೆ — ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಹಾಳೆ ತಿರುವುವ ಸದ್ದು. ಅವಳಿಗೆ ಮೊದಲೇ ಕೊಟ್ಟಿದ್ದ ಪ್ರತಿಯಲ್ಲಿ ನಾಲ್ಕು ಪುಟ, ಮಂತ್ರಿಗಳ ಕೈಯಲ್ಲಿ ಐದನೆಯದು, ಇದೇನಿದು, ಕಿವಿ ನಿಮಿರಿತು, ಅಂಗವಿಕಲರ ಜೊತೆಗಾರರಿಗೆ ಕೊಡುವ ಭತ್ಯೆಯನ್ನು ಮುಂದಿನ ತಿಂಗಳ ಒಂದರಿಂದ ಹೊಂದಾಣಿಕೆಗೆ ಒಳಪಡಿಸಲಾಗುವುದು — ಜೊತೆಗಾರರು, ಎರಡು ತೋರುಬೆರಳು ಪಕ್ಕಪಕ್ಕ ನಡೆಯುತ್ತವೆ, ಭತ್ಯೆ, ಅಂಗೈಗೆ ಬೀಳುವ ಹಣ, ಅಷ್ಟು ಮಾಡಿದ ಕೈಗಳು ಗಾಳಿಯಲ್ಲೇ ನಿಂತವು. ವೆತೂರಿಯಾ. ವೆತೂರಿಯಾ ನೋಡುತ್ತಿದ್ದಾಳೆ. ಇವಳು ಕೈಯಾಡಿಸಿದರೆ ವೆತೂರಿಯಾ ಹಾಗೇ ಅಪ್ಪನ ಅಂಗೈಯಲ್ಲಿ ಒತ್ತುತ್ತಾಳೆ, ಏನೋ ಸರಿಮಾಡ್ತಾರಂತೆ ಗವ್ರಿಲ್, ಒಳ್ಳೇದೇ ಇರಬೇಕು, ತನ್ನ ಕೆಲಸ ಹೋದ ಸುದ್ದಿಯನ್ನು ತಾನೇ ಒಳ್ಳೆಯದು ಅಂತ ಬರೆಯುತ್ತಾಳೆ, ಒಂದನೇ ತಾರೀಕಿನ ಬೆಳಿಗ್ಗೆ ಎಂಟಾಗುತ್ತದೆ, ಒಂಬತ್ತಾಗುತ್ತದೆ, ಅಪ್ಪನ ಅಂಗೈ ಮಂಚದ ಅಂಚಿನಲ್ಲಿ ತೆರೆದೇ ಇರುತ್ತದೆ, ಯಾರೂ ಬರುವುದಿಲ್ಲ, ಹೊರಗೆ ಯುದ್ಧವೇ ಆದರೂ ಅವನಿಗೆ ಗೊತ್ತಾಗುವುದಿಲ್ಲ. ಸಾಂಡುಲಾಕೆ ಗಲ್ಲ ಮುಂದೆ ಚಾಚಿದ್ದಾನೆ, ಹೂಂ, ಹೂಂ, ಮಾಡಿ. ಒಂದು ಕ್ಷಣ, ಅರ್ಧ ಕ್ಷಣ, ಕೆಲಸ ಹೋದರೆ ಬಾಡಿಗೆ, ಮಗಳ ಕಾಲೇಜು, ಐವತ್ತೊಂದು ವಯಸ್ಸು — ಬಲಗೈಯ ಎರಡು ಬೆರಳು ತಾವಾಗಿ ಬಿಚ್ಚಿಕೊಂಡವು, ಜೊತೆಗಾರರ ಭತ್ಯೆ, ಕತ್ತರಿ. ಇನ್ನೊಮ್ಮೆ, ನಿಧಾನವಾಗಿ, ವೆತೂರಿಯಾಗೆ ಸಂಶಯ ಉಳಿಯದ ಹಾಗೆ, ಕತ್ತರಿ.

ಸನ್ನೆ ಬಾರದವರಿಗೂ ಕತ್ತರಿ ಗೊತ್ತಾಗುತ್ತದೆ. ಎರಡನೆಯ ಸಾಲಿನಲ್ಲಿದ್ದ ಹಸಿರು ಸ್ವೆಟರಿನ ವರದಿಗಾರ್ತಿ ಎದ್ದು ನಿಂತಳು, ಸಾರ್, ನೀವು ಹೊಂದಾಣಿಕೆ ಅಂತಿದ್ದೀರಿ, ಪಕ್ಕದಲ್ಲಿರೋ ಮೇಡಂ ಕೈ ಕತ್ತರಿ ಅಂತಿದೆ, ಯಾವುದನ್ನ ಬರ್ಕೊಳ್ಳಲಿ? ಯಾರೋ ಹಿಂದಿನಿಂದ ಕಿಸಕ್ಕೆಂದರು. ಮಂತ್ರಿಗಳು ತಲೆ ತಿರುಗಿಸಿದರು, ಮೊದಲ ಸಲ, ಅವಳಿಗೆ ಮುಖವೊಂದಿದೆ ಎಂದು ಈಗ ತಿಳಿದವರಂತೆ, ಟಿವಿಗೆಂದು ಹಚ್ಚಿದ ಪೌಡರು ಅವರ ಕಿವಿಯ ಹಿಂದೆ ಗೆರೆಕಟ್ಟಿತ್ತು. ಭತ್ಯೆ ನಿಲ್ಲುತ್ತಾ ಸಾರ್? ನಿಲ್ಲಲ್ಲಮ್ಮ, ನಿಲ್ಲುತ್ತೆ ಅಂತ ಯಾರು ಹೇಳಿದ್ರು, ಸದ್ಯಕ್ಕೆ ಕೊಡೋದಿಲ್ಲ ಅಷ್ಟೇ. ಒತಿಲಿಯಾ ಅದನ್ನೂ ಹೇಳಿದಳು, ಒಂದಕ್ಷರ ಬಿಡದೆ, ನಿಲ್ಲಲ್ಲ, ಕೊಡಲ್ಲ, ಅಷ್ಟೇ. ಸಭಾಂಗಣ ಗೊಳ್ಳೆಂದಿತು, ಅವಳಿಗೆ ನಗು ಬರಲಿಲ್ಲ, ಎದುರಿನ ಟಿವಿ ಪರದೆಯಲ್ಲಿ ತನ್ನ ವೃತ್ತ ಕಂಡಿತು, ಮರುಗಳಿಗೆ ಅಲ್ಲಿ ನೀಲಿ ಬಣ್ಣವಷ್ಟೇ, ಸಾಂಡುಲಾಕೆ ಫೋನು ಕಿವಿಯಿಂದ ತೆಗೆಯುತ್ತಿದ್ದ, ಬನ್ನಿ ಮೇಡಂ, ಈ ಕಡೆ ಬನ್ನಿ, ಮೊಣಕೈ ಹಿಡಿದಿದ್ದ, ನಯವಾಗಿಯೇ ಹಿಡಿದಿದ್ದ.

ಹೊರಗೆ ಮೊಗಸಾಲೆಯಲ್ಲಿ ತಣ್ಣಗಿದೆ. ಏನ್ ಮಾಡಿದ್ರಿ ಗೊತ್ತಾ, ಇಷ್ಟು ವರ್ಷ ಆಯ್ತು, ನಿಮಗೆ ಯಾರಾದ್ರೂ ಒಂದು ಮಾತು ಅಂದಿದ್ರಾ, ನಾಳೆಯಿಂದ ಬರೋದು ಬೇಡ, ಪಾಸು ಕೊಡಿ. ಕೊಟ್ಟಳು. ಅವರ ಮಾತನ್ನೇ ಹೇಳಿದ್ದು ಸಾರ್, ಅಂದಳೋ, ಅನ್ನಬೇಕೆಂದುಕೊಂಡಳೋ, ಬಾಗಿಲು ಮುಚ್ಚಿಕೊಂಡಿತು, ಒಳಗೆ ಮಂತ್ರಿಗಳು ಮತ್ತೆ ಬಿಗಿ ದನಿಯಲ್ಲಿ ಕೊರತೆ, ಕೊರತೆ, ಕೈಗಳು ಇನ್ನೂ ಅಭ್ಯಾಸಕ್ಕೆ ಗುಂಡಿ ತೋಡಿದವು, ನಿಲ್ಲಿಸಿದಳು, ಕೋಟಿನ ಜೇಬು ಅದುರುತ್ತಿದೆ, ಫೋನು, ವಿಡಿಯೋ ಕರೆ, ವೆತೂರಿಯಾ, ಮುಖ ಬಿಳಿಚಿದೆ, ಒಂದೇ ಕೈಯಲ್ಲಿ ಅಡ್ಡಾದಿಡ್ಡಿ ಸನ್ನೆ, ನೀನು ಎಲ್ಲಿ ಹೋದೆ, ವೃತ್ತ ಖಾಲಿ ಆಯ್ತು, ಕತ್ತರಿ ಅಂತ ಹೇಳಿಬಿಟ್ಟೆ ಅವನಿಗೆ, ಯಾರನ್ನ ಕತ್ತರಿಸ್ತಾರೆ ಅಂತ ಕೇಳ್ತಿದ್ದಾನೆ, ನನ್ನ ಕೈಯಲ್ಲಿ ಆಗಲ್ಲ, ನೀನೇ ಹೇಳು. ಹೇಗೆ ಹೇಳಲಿ, ಅಪ್ಪಾ, ಪ್ಲೊಯೆಷ್ಟ್‌ಗೆ ರೈಲಿನಲ್ಲಿ ಒಂದು ಗಂಟೆ, ಬರ್ತೀನಿ, ಈಗಲೇ ಬರ್ತೀನಿ, ಅಷ್ಟರಲ್ಲಿ ಚಿತ್ರ ಅಲುಗಿತು, ವೆತೂರಿಯಾ ಫೋನನ್ನು ತಗ್ಗಿಸಿದಳು, ಗಾಜಿನ ತುಂಬ ಅಪ್ಪನ ಅಂಗೈ, ಸೂಜಿ ಚುಚ್ಚಿದ ಹಳೆಯ ಕಲೆಗಳು, ನಡುವೆ ಆಳದ ಗೆರೆ, ಬೆರಳುಗಳು ಒಳಕ್ಕೆ ಮಡಚಿ ಬಿಚ್ಚುತ್ತವೆ, ಹೇಳು, ಹೇಳು, ಅವಳು ತೋರುಬೆರಳನ್ನು ಗಾಜಿಗೆ ಒತ್ತಿದಳು, ಗಾಜು ತಣ್ಣಗಿತ್ತು, ಅಂಗೈ ತೆರೆದೇ ಇತ್ತು —