ಹದಿನೇಳನೆಯ ಉತ್ತರ

ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುವ ಆ ಹೆಂಗಸಿಗೆ ನಲವತ್ತೊಂದು ತುಂಬಿದಾಗ, ಅರ್ಧಕ್ಕೆ ಬಿಟ್ಟ ಓದನ್ನು ಮುಂದುವರಿಸುವ ಮನಸ್ಸಾಯಿತು. ಅದೇ ವರ್ಷ ಮಗಳೂ ವಿಶ್ವವಿದ್ಯಾಲಯ ಸೇರುವವಳಿದ್ದಳು. ಮಗಳ ಬಾಯಿ ಪಟಪಟ. ಮನೆಯಲ್ಲಿ ಎಲ್ಲರೂ ಅವಳನ್ನು ಚಿನಕುರಳಿ ಎಂದೇ ಕರೆಯುತ್ತಿದ್ದರು.

ಮೊದಲ ವರ್ಷಕ್ಕೆ ಎರಡು ಕ್ಯಾಲ್ಕುಲಸ್ ಕೋರ್ಸುಗಳಿದ್ದವು. ಒಂದು ನೇರವಾಗಿ ವಿಷಯಕ್ಕೆ ಇಳಿಯುವಂಥದ್ದು. ಇನ್ನೊಂದು ಮೊದಲ ತಿಂಗಳೆಲ್ಲ ಬೀಜಗಣಿತ, ತ್ರಿಕೋನಮಿತಿಗಳನ್ನು ತಿದ್ದಿ ತೀಡಿ, ಆಮೇಲೆ ನಿಧಾನವಾಗಿ ಹೊರಡುವಂಥದ್ದು. ಯಾರಿಗೆ ಯಾವುದು ಸರಿ ಎಂದು ತಿಳಿಯಲು ಮನೆಯಲ್ಲೇ ಬರೆಯುವ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆಯಿತ್ತು. ತಾಯಿ ಮಗಳು ಊಟದ ಮೇಜಿನ ಎರಡು ತುದಿಗಳಲ್ಲಿ ಕೂತು ಬರೆದು, ಹಾಳೆಗಳ ಫೋಟೊ ತೆಗೆದು ಕಳಿಸಿದರು.

ವಾರದ ಮೇಲೆ ಇಬ್ಬರಿಗೂ ಒಂದೇ ಒಕ್ಕಣೆಯ ಪತ್ರ ಬಂತು. ಹದಿನೇಳನೆಯ ಉತ್ತರದಲ್ಲಿ ಇಬ್ಬರದೂ ಒಂದೇ ತಪ್ಪು. ಬರೆದ ಕಾರಣವೂ ಅಕ್ಷರಶಃ ಒಂದೇ. ಕೋರ್ಸ್ ಆರಿಸುವ ಮುನ್ನ ಬಂದು ವಿವರಣೆ ಕೊಡಬೇಕು.

"ಕಾಪಿ ಹೊಡೆದಿದ್ದೀವಿ ಅಂತಾನಾ ಇವರ ಅರ್ಥ?" ಚಿನಕುರಳಿ ರೇಗಿದಳು.

"ಮತ್ತಿನ್ನೇನು?" ಎಂದಳು ತಾಯಿ, ಮಗಳ ಮುಖವನ್ನೇ ನೋಡುತ್ತ.

ಪರೀಕ್ಷೆಯ ನಡುವೆ ಲ್ಯಾಬಿನಿಂದ ಫೋನ್ ಬಂದಿತ್ತು. ಮಾತಾಡಲು ತಾಯಿ ಐದು ನಿಮಿಷ ಬಾಲ್ಕನಿಯಲ್ಲಿದ್ದಳು. ಅವಳ ಹಾಳೆ ಮೇಜಿನ ಮೇಲೆ ತೆರೆದೇ ಇತ್ತು. ತಪ್ಪು ಒಂದೇ ಆಗಬಹುದು, ಆದರೆ ತನ್ನ ಮಾತೇ ಮಗಳ ಹಾಳೆಗೆ ಹೋದದ್ದು ಹೇಗೆ? ತಲೆಯಲ್ಲಿ ಹುಳ ಹೊಕ್ಕಿತು. ಮಗಳು ಸ್ನಾನಕ್ಕೆ ಹೋದಾಗ ರದ್ದಿ ಕಾಗದದ ಬುಟ್ಟಿಯಿಂದ ಅವಳ ಕಚ್ಚಾ ಹಾಳೆಗಳನ್ನು ತೆಗೆದು ನೋಡಿದಳು. ಹದಿನೇಳನೆಯ ಲೆಕ್ಕದ ಹತ್ತಿರ ಏನೋ ಬರೆದು ರಬ್ಬರಿನಿಂದ ಉಜ್ಜಿದ ಗುರುತಿತ್ತು.

"ಅಮ್ಮ, ಬುಟ್ಟೀಲಿ ಏನು ಹುಡುಕ್ತಿದ್ದೀಯಾ?"

ಬಾಗಿಲಲ್ಲಿ ಚಿನಕುರಳಿ ಒದ್ದೆ ತಲೆಯಲ್ಲಿ ನಿಂತಿದ್ದಳು.

"ಕರೆಂಟ್ ಬಿಲ್."

ಮಗಳಿಗೂ ತನ್ನದೇ ಗುಮಾನಿಯಿತ್ತು. ಅಮ್ಮನ ಕುರ್ಚಿಯ ಎದುರಿಗೇ ಗಾಜಿನ ಕಪಾಟು. ಅದರಲ್ಲಿ ಇಡೀ ಮೇಜಿನ ಪ್ರತಿಬಿಂಬ ಕಾಣುತ್ತದೆ. ಇಪ್ಪತ್ತಮೂರು ವರ್ಷ ಪುಸ್ತಕ ಮುಟ್ಟದವಳು ಇದ್ದಕ್ಕಿದ್ದಂತೆ ಅಷ್ಟೆಲ್ಲ ಉತ್ತರ ಬರೆದದ್ದಾದರೂ ಹೇಗೆ? ಮರುದಿನ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿನಲ್ಲಿ ಜಾಗವಿದ್ದರೂ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಗಣಿತ ವಿಭಾಗದ ಮುಖ್ಯಸ್ಥೆ ಹೆಚ್ಚು ಮಾತಿನವರಲ್ಲ. ಮಗಳನ್ನು ಪಕ್ಕದ ಕೋಣೆಗೆ ಕಳಿಸಿ, ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ಅದರಲ್ಲಿ ಹದಿನೇಳನೆಯದರಂಥದ್ದೇ ಲೆಕ್ಕ: ಎಕ್ಸ್ ವರ್ಗದ ಬಟ್ಟಲಿನಂಥ ಗ್ರಾಫ್ ಬರೆದಿತ್ತು. ಎಕ್ಸ್ ಪ್ಲಸ್ ಮೂರರ ವರ್ಗದ ಗ್ರಾಫ್ ಎಲ್ಲಿ ಬರುತ್ತದೆ, ಯಾಕೆ ಎಂದು ಬರೆಯಬೇಕು. ಹತ್ತು ನಿಮಿಷದ ಮೇಲೆ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ಇಬ್ಬರನ್ನೂ ಕರೆದರು. ಎರಡರಲ್ಲೂ ಬಟ್ಟಲು ಮೂರು ಮನೆ ಬಲಕ್ಕೆ ಸರಿದಿತ್ತು. ಎರಡರಲ್ಲೂ ಕೆಳಗೆ ಒಂದೇ ಸಾಲು: ಪ್ಲಸ್ ಅಂದ್ರೆ ಮುಂದಕ್ಕೆ.

"ಇದನ್ನ ಯಾರು ಹೇಳ್ಕೊಟ್ಟಿದ್ದು?"

"ಅಮ್ಮ," ಎಂದಳು ಚಿನಕುರಳಿ, ತನ್ನ ಮಾತಿಗೆ ತಾನೇ ಬೆರಗಾದವಳಂತೆ. "ನಾನು ಚಿಕ್ಕೋಳಿದ್ದಾಗ, ಮಹಡಿ ಮೆಟ್ಟಿಲ ಮೇಲೆ. ಪ್ಲಸ್ ಅಂದ್ರೆ ಮುಂದಕ್ಕೆ, ಮೈನಸ್ ಅಂದ್ರೆ ಹಿಂದಕ್ಕೆ ಅಂತ ಕುಣಿಸ್ತಿದ್ಲು."

ತಾಯಿಯ ಮುಖ ಕೆಂಪೇರಿತು. ಆ ಆಟ ಅವಳಿಗೆ ಮರೆತೇ ಹೋಗಿತ್ತು.

"ಮೆಟ್ಟಿಲಿಗೆ ಅದು ಸರಿ," ಎಂದರು ಮುಖ್ಯಸ್ಥೆ. "ಇಲ್ಲಿ ಹೇಳಿ, ಎಕ್ಸ್ ಎಷ್ಟಿದ್ರೆ ಬ್ರಾಕೆಟ್ ಒಳಗೆ ಸೊನ್ನೆ ಬರುತ್ತೆ?"

"ಮೈನಸ್ ಮೂರು." ತಾಯಿಯ ಬೆರಳು ಗ್ರಾಫಿನ ಮೇಲೆ ಎಡಕ್ಕೆ ಸರಿಯಿತು. "ಅಯ್ಯೋ! ಹಾಗಾದ್ರೆ ಬಟ್ಟಲಿನ ತಳ ಎಡಕ್ಕೆ ಬರ್ಬೇಕು."

"ಸರಿ. ನಿಮ್ಮ ಮೇಲೆ ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸಿ. ಆದ್ರೆ ಇಬ್ರೂ ನಿಧಾನದ ಕೋರ್ಸ್ ತಗೊಳ್ಳೋದು ಒಳ್ಳೇದು."

ತಾಯಿ ಅಲ್ಲೇ ಅರ್ಜಿ ತುಂಬಿದಳು. ಒಂದು ತಪ್ಪಿಗೆ ಹಿಂದೆ ಸರಿಯುವವಳು ತಾನಲ್ಲ ಎಂದು ಚಿನಕುರಳಿ ನೇರ ಕೋರ್ಸಿಗೇ ಗುರುತು ಹಾಕಿದಳು.

ಹೊರಗೆ ಬಂದಾಗ ಮಗಳು ಕೇಳಿದಳು. "ನಿನ್ನೆ ಹುಡುಕ್ತಿದ್ದಿದ್ದು ಬಿಲ್ ಅಲ್ಲ ತಾನೆ?"

"ಅಲ್ಲ."

"ನಾನೂ ನಿನ್ನ ಬಗ್ಗೆ ಹಾಗೇ ಅಂದ್ಕೊಂಡಿದ್ದೆ."

ಸರಿಗೆ ಸರಿಯಾಯಿತು ಎಂದು ತಾಯಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಗಳ ಮಾತು ಮನೆ ತಲುಪುವವರೆಗೂ ಚುಚ್ಚುತ್ತಲೇ ಇತ್ತು.

ತರಗತಿ ಶುರುವಾಗಲು ಮೂರು ವಾರವಿತ್ತು. ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುಂಚೆ ಒಂದು ಗಂಟೆ ಇಬ್ಬರೂ ಲೆಕ್ಕ ಮಾಡಿದರು. ಒಬ್ಬಳು ಉತ್ತರ ಹೇಳಿದರೆ ಇನ್ನೊಬ್ಬಳು "ಯಾಕೆ?" ಎನ್ನುವಳು. ಕಾರಣ ಬಾಯಿಗೆ ಬರದಿದ್ದರೆ ಉತ್ತರ ಸರಿಯಿದ್ದರೂ ಒಪ್ಪುವಂತಿಲ್ಲ. ಕೆಲವು ದಿನ ಈ "ಯಾಕೆ"ಗೇ ಜಗಳವಾಗಿ ಕಾಫಿ ಆರಿ ತಣ್ಣಗಾಯಿತು.

ಎರಡನೆಯ ತಿಂಗಳ ಕೊನೆಗೆ ಅವರವರ ಕೋರ್ಸಿನ ಮೊದಲ ಕಿರುಪರೀಕ್ಷೆಯಲ್ಲಿ ತಾಯಿಗೆ ಇಪ್ಪತ್ತಕ್ಕೆ ಹದಿನಾರು, ಮಗಳಿಗೆ ಒಂಬತ್ತು ಬಂತು. ಚಿನಕುರಳಿ ಎರಡು ದಿನ ತನ್ನ ಕೋಣೆಯಲ್ಲೇ ಕೂತು ಓದಿದಳು. ಮೂರನೆಯ ದಿನ ಕುರ್ಚಿ ಎಳೆದುಕೊಂಡು ತಾಯಿಯ ಪಕ್ಕಕ್ಕೇ ಬಂದಳು.

"ಈ ಲಿಮಿಟ್ ಅಂದ್ರೆ ಏನು, ಮೊದಲಿಂದ ಹೇಳು," ಎಂದಳು. "ಸುಮ್ನೆ ನಂಬಲ್ಲ, ಆಯ್ತಾ?"