ಹಳ್ಳದಾಚೆಯ ತೋಪು

"ಏ ಮುದುಕಿ, ತೊಗಟೆ ಸುಲಿಯೋಕೆ ಬಂದ್ಯೋ, ಮರಕ್ಕೆ ಮುದ್ದು ಕೊಡೋಕೆ ಬಂದ್ಯೋ? ಏಳೇ ದರಿದ್ರ ಮುಂಡೆ!"

ಮೇಸ್ತ್ರಿಯ ಕೂಗಿಗೆ ಕಾಗೆಗಳೇ ಹಾರಿದವು. ಹಲಸಿನ ಬುಡಕ್ಕೆ ಹಣೆಯೊತ್ತಿ ಕೂತಿದ್ದ ಅತ್ತೆಯನ್ನು ಸೊಸೆ ರಟ್ಟೆ ಹಿಡಿದು ಎಬ್ಬಿಸಿದಳು.

"ಏಳತ್ತೆ. ನಾವು ಸುಲೀದಿದ್ರೆ ಇನ್ನೊಬ್ರು ಸುಲೀತಾರೆ."

ಕಾಂಡದ ಸುತ್ತ ಕೊಡಲಿಯಿಂದ ಎರಡು ಬಳೆ ಕೊರೆದು, ನಡುವಿನ ತೊಗಟೆಯನ್ನು ಕಿತ್ತುಬಿಡುವುದು ಅವರ ಕೂಲಿ ಕೆಲಸ. ಮರ ಬೀಳುವುದಿಲ್ಲ, ನಿಂತಲ್ಲೇ ಒಣಗಿ ಸಾಯುತ್ತದೆ.

ಕಾಡಿನೊಳಗಿದ್ದ ಇವರ ಜನರನ್ನು ರಸ್ತೆಬದಿಯ ತಗಡಿನ ಶೆಡ್ಡಿಗೆ ತಂದು ಹಾಕಿ ವರ್ಷಗಳಾಗಿದ್ದವು. ಹಕ್ಕು ಬೇಕೆಂದರೆ ಅಲ್ಲಿ ಬಾಳಿದ ಗುರುತು ತೋರಿಸಿ ಎಂದಿದ್ದರು ಅರಣ್ಯ ಇಲಾಖೆಯ ಸಾಹೇಬರು. ಮಣ್ಣಿನ ಗೋಡೆ ಮಳೆಯಲ್ಲಿ ಕರಗಿತ್ತು, ಒಲೆಯ ಮೇಲೆ ಹುತ್ತ ಬೆಳೆದಿತ್ತು. ಉಳಿದಿದ್ದದ್ದು ನೆಟ್ಟ ಮರಗಳು ಮಾತ್ರ. ಅತ್ತೆ ಸಂಭ್ರಮದಿಂದ ತೋರಿಸಿದ್ದಳು: "ಈ ಹಲಸು ನಮ್ಮತ್ತೆ ತಿಂದು ಉಗಿದ ಬೀಜದ್ದು, ಆ ಹುಣಸೆ ನನ್ನ ಬಾಣಂತನದ ವರ್ಷದ್ದು." ಅವಳು ಬೆರಳು ತೋರಿದ ಮರಕ್ಕೆಲ್ಲ ಸಾಹೇಬರು ಕೆಂಪು ಬಣ್ಣ ಬಳಿಸಿದರು. ದೇವರು ಕಣ್ಣುಬಿಟ್ಟ ಎಂದು ಅವಳು ಅಲ್ಲೇ ಕೈಮುಗಿದಿದ್ದಳು.

ಬಂದದ್ದು ಹಕ್ಕಲ್ಲ, ಹುಕುಂ: ಜನ ಕಾಲಿಡುವ ಮೊದಲು ಕಾಡು ಹೇಗಿತ್ತೋ ಹಾಗಾಗಬೇಕು, ಜನ ನೆಟ್ಟದ್ದು ಹೋಗಬೇಕು. ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತಾರಲ್ಲ, ಇಲ್ಲಿ ಅತ್ತೆಯ ನಾಲಿಗೆಯೇ ಕಾವಾಗಿತ್ತು.

ಸೊಸೆ ಎರಡನೆಯ ಬಳೆ ಕೊರೆಯುತ್ತಿದ್ದಾಗ ಜೀಪು ಬಂದು ನಿಂತಿತು. ಸಾಹೇಬರದು ಮೆತ್ತನೆಯ ದನಿ.

"ಅಜ್ಜಿ, ಹಳ್ಳದಾಚೆ ನಿಮ್ಮ ಹಳೇ ಕೇರಿ ಇತ್ತು ಅಂತ ಅರ್ಜಿ ಕೊಟ್ಟಿದೀರಲ್ಲ, ಅಲ್ಲಿ ನಿಮ್ಮೋರು ನೆಟ್ಟ ಮರ ಯಾವ್ದು? ತೋರಿಸಿದ್ರೆ ನಿಮ್ಮ ಮಾತಿಗೂ ಒಂದು ತೂಕ."

ಸೊಸೆಗೆ ತಡೆಯಲಾಗಲಿಲ್ಲ. "ಈ ಕಡೇದು ತೋರಿಸಿದ್ವಲ್ಲ ಸ್ವಾಮಿ, ಹಕ್ಕು ಬಂತಾ?"

"ಅದು ಬೇರೆ ಕಚೇರಿ ಕೆಲ್ಸ ಕಣಮ್ಮ."

ಹಳ್ಳದಾಚೆ ಮಾವಿನ ತೋಪೇ ಇತ್ತು. ಅದರ ನೆರಳಲ್ಲಿ ಅತ್ತೆಯ ಗಂಡನನ್ನು ಹೂತಿದ್ದರು. ಎಂದಾದರೂ ಅಲ್ಲಿಗೆ ಮರಳಿ ಹೋಗಿ ಸಾಯಬೇಕು ಎಂಬುದೊಂದೇ ಅವಳ ಆಸೆ.

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಲ್ಲಿ ಯಾರೂ ಇರ್ಲಿಲ್ಲ ಸ್ವಾಮಿ."

"ಮತ್ತೆ ಅರ್ಜಿ?"

"ಸುಳ್ಳು ಬರೆಸಿದ್ವಿ."

"ಸಾಲು ಮಾವು ಇದೆಯಂತಲ್ಲ?"

"ದೇವರು ನೆಟ್ಟಿರಬೇಕು."

ಹುಟ್ಟಿದಾಗಿನಿಂದ ದೇವರ ಹೆಸರೆತ್ತಿ ಸುಳ್ಳಾಡದ ಬಾಯಿ ಅದು.

ಮೇಸ್ತ್ರಿ ಹೊಟ್ಟೆ ಕುಣಿಸಿ ನಕ್ಕ. "ನೋಡಿದ್ರಾ ಸಾರ್? ಬಾಯಿ ಬಿಟ್ರೆ ಸುಳ್ಳು, ಈ ಕಳ್ ನನ್ಮಕ್ಕಳು."

"ಹಾಗಾದ್ರೆ ಅರ್ಜಿ ವಜಾ ಆಗುತ್ತೆ ಅಜ್ಜಿ. ಆಮೇಲೆ ಅಳ್ಬೇಡಿ," ಎಂದು ಸಾಹೇಬರು ಜೀಪು ಹತ್ತಿದರು.

ಧೂಳು ಅಡಗಿತು. "ಅತ್ತೆ, ಮಾವ ಅಲ್ಲೇ ಅಲ್ವಾ..." ಎಂದು ಸೊಸೆ ಪಿಸುಗುಟ್ಟಿದಳು.

"ಬಾಯ್ಮುಚ್ಚೇ. ಕೊಡಲಿ ತಗೋ."

ಮುದುಕಿ ಹಳ್ಳಕ್ಕೆ ಬೆನ್ನು ಹಾಕಿ ಕೂತಳು. ಅಷ್ಟರಲ್ಲಿ ಆಚೆ ದಡದಲ್ಲಿ ಮಾವಿನ ಹಣ್ಣೊಂದು ದೊಪ್ಪನೆ ಬಿತ್ತು. ಅವಳು ಅಲುಗಲಿಲ್ಲ. ಸೊಸೆಯ ಕತ್ತು ಮಾತ್ರ ತಾನಾಗಿ ಅತ್ತ ಹೊರಳಿತು.

ಹೊರಳಿದ ಆ ಕತ್ತನ್ನೇ ಮೇಸ್ತ್ರಿ ನೋಡುತ್ತಿದ್ದ.