ರಬ್ಬರಿನ ಮೇಲೆ ಮೂರು ಗೀರು

ಅಣ್ಣನ ಹಳೆಯ ಲೆನ್ಸಿನ ರಬ್ಬರು ಕರಗತೊಡಗಿ ಎರಡು ವರ್ಷವಾಗಿತ್ತು. ಫೋಕಸ್ ಮಾಡಲು ತಿರುಗಿಸುವ ಬಳೆಯಂಥ ಆ ಪಟ್ಟಿ, ಬಿಸಿಲಿಗೆ ಮೆತ್ತಗಾದ ಟಾರಿನ ಹಾಗೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಅದೇ ಕೈಯಲ್ಲಿ ಅಣ್ಣ ಒಮ್ಮೆ ಮದುವೆ ಫೋಟೊಗೆ ಹೋದಾಗ ಮದುಮಗನ ಕಾಲರು ಸರಿಮಾಡಲು ಹೋಗಿ ಕಪ್ಪು ಬಳಿದು ಬಂದಿದ್ದ.

“ಕ್ಯಾಮೆರಾ ಜೊತೆ ನಂಟು ಇರ್ಲಿ ರೀ, ಈ ಅಂಟು ಯಾಕೆ?” ಎಂದು ಅತ್ತಿಗೆ ದಿಂಬಿನ ಚೀಲ ತಿಕ್ಕುತ್ತಾ ಗೊಣಗುತ್ತಿದ್ದಳು.

ನಾಳೆ ಶಾಲೆಯ ಗುಂಪು ಫೋಟೊ. ಅಣ್ಣನ ಕಣ್ಣು ಮಂಜಾಗುತ್ತಿರುವುದು ಮನೆಯವರಿಗೆ ಮಾತ್ರ ಗೊತ್ತಿತ್ತು. ಉಳಿದ ಕೆಲಸಗಳನ್ನೆಲ್ಲ ಒಂದೊಂದಾಗಿ ಬಿಟ್ಟಿದ್ದ. ಇದೊಂದು ಕೈಯಲ್ಲಿರುವವರೆಗೆ ಅವನು ಫೋಟೊದವನು. ಹೋದರೆ ಸುಮ್ಮನೆ ಮನೆಯಲ್ಲಿ ಕೂತವನು. ಕ್ಯಾಮೆರಾವಾದರೂ ಅಚ್ಚುಕಟ್ಟಾಗಿರಲಿ ಎಂದು, ಅವನು ಮಲಗಿದ್ದ ಮಧ್ಯಾಹ್ನ ನಾನು ಹಳೆಯ ಪಟ್ಟಿಯನ್ನು ಕಿತ್ತೆ. ಉಳಿದ ಜಿಡ್ಡನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ ಹೊಸದನ್ನು ಏರಿಸಿದೆ.

ಎದ್ದು ಬಂದ ಅಣ್ಣ ಲೆನ್ಸನ್ನು ಸವರಿದ. ಮತ್ತೆ ಸವರಿದ.

“ಗೀರು ಎಲ್ಲೋ?”

“ಯಾವ ಗೀರು?”

“ಬ್ಲೇಡಲ್ಲಿ ಹಾಕಿದ್ದೆ ಕಣೋ. ಹತ್ತಡಿಗೊಂದು, ಹದಿನೈದಕ್ಕೊಂದು, ಇಪ್ಪತ್ತಕ್ಕೊಂದು.”

ಒಂದು ವರ್ಷದಿಂದ ಅವನು ಫೋಕಸ್ ಮಾಡುತ್ತಿದ್ದದ್ದು ಕಣ್ಣಿನಿಂದಲ್ಲ, ಗೀರು ತಡವುವ ಹೆಬ್ಬೆರಳಿನಿಂದ. ಅಷ್ಟು ಬೈಸಿಕೊಂಡರೂ ಪಟ್ಟಿ ಬದಲಿಸದೆ ಇದ್ದದ್ದು ಅದಕ್ಕೇ.

“ಅಷ್ಟೇ ತಾನೇ, ಮತ್ತೆ ಹಾಕಿದ್ರಾಯ್ತು” ಎಂದೆ. ಟೇಪು ಹಿಡಿದು ಹತ್ತಡಿ ಅಳೆದು ಅವನನ್ನು ನಿಲ್ಲಿಸಿದೆ. ಎದುರಿನ ಕುರ್ಚಿಯಲ್ಲಿ ಕುಳಿತು ಹೆಡ್‌ಮಾಸ್ಟರ ಮೂಗಿನ ದನಿ ತೆಗೆದೆ. “ಏನ್ರೀ ಫೋಟೊದವ್ರೇ, ಹೋದ ವರ್ಷ ನಮ್ಮ ತಲೆ ವಿಪರೀತ ಹೊಳೀತಿತ್ತಲ್ರೀ.”

“ಅದು ದೇವರು ಕೊಟ್ಟ ಫ್ಲ್ಯಾಷು ಸಾರ್, ನಾನು ಹಾಕಿದ್ದಲ್ಲ.”

ಲೆನ್ಸು ನೇರ ನನ್ನ ಮುಖಕ್ಕೇ ಗುರಿಯಿಟ್ಟಿತ್ತು. ಇಬ್ಬರೂ ನಕ್ಕೆವು. ಗೀರು ಹಾಕಲು ಬ್ಲೇಡು ಬೇಕಿತ್ತು. ನಾನು ಬರಿಗಾಲಲ್ಲಿ ಎದ್ದು ಮೇಜಿನ ಕಡೆ ಹೋದೆ.

“ಗಲ್ಲ ಸ್ವಲ್ಪ ಎತ್ತು” ಎಂದ ಅಣ್ಣ, ಖಾಲಿ ಕುರ್ಚಿಗೆ. “ಹಾಂ, ಹಾಗೇ ಇರು.”

ಕ್ಲಿಕ್ಕಿಸಿದ.

ನಾವು ಬರೀ ಮಂಜು ಎಂದುಕೊಂಡಿದ್ದೆವು. ಶಾಲೆಯಲ್ಲಿ ಮೇಷ್ಟರು ಮಕ್ಕಳನ್ನು ಗದರುವ ಸದ್ದು ಬಂದ ಕಡೆ ಲೆನ್ಸು ತಿರುಗಿಸಿ, ಗೀರು ಮುಟ್ಟಿ, ಗುಂಡಿ ಒತ್ತಿ ಅವನು ವರ್ಷ ನೂಕಿದ್ದ. ನಾನು ಬ್ಲೇಡು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಕುರ್ಚಿಯ ಬಳಿಗೆ ವಾಪಸ್ ಬಂದೆ.

“ಬಂತಾ ಫೋಟೊ?” ಎಂದೆ.

“ಬಂತು.”

ನಾನು ಕೂತಾಗ ಕುರ್ಚಿ ಕಿರ್ರೆಂದಿತು. ಅಣ್ಣ ಕ್ಯಾಮೆರಾ ಇಳಿಸಿದ.

“ಈಗ ಕೂತೆ ಅಲ್ವಾ?”

ನಾನು ಬ್ಲೇಡನ್ನು ನೆಲದ ಮೇಲಿಟ್ಟೆ.

“ನಾಳೆ ನೀನೇ ಹೋಗು” ಎಂದ.

“ನೀನೂ ಬಾ ಅಣ್ಣ. ಸಾಲು ನಿಲ್ಲಿಸೋಕಾದ್ರೂ.”

“ಯಾವ ಸಾಲು?”

ಕೊರಳಿನ ಪಟ್ಟಿ ಬಿಚ್ಚಿ ಕ್ಯಾಮೆರಾವನ್ನು ನನ್ನತ್ತ ಚಾಚಿದ. ಆದರೆ ನಾನಿದ್ದ ಜಾಗಕ್ಕಿಂತ ಒಂದು ಮೊಳ ಪಕ್ಕಕ್ಕೆ. ಎದ್ದು ಹೋಗಿ ತೆಗೆದುಕೊಂಡೆ.

“ನಿಮ್ಮತ್ತಿಗೆಗೆ ನೀನು ಹೇಳ್ಬೇಡ” ಎಂದ. “ನಾನೇ ಹೇಳ್ತೀನಿ.”